ರಾತ್ರಿಯ ವಿದ್ಯುತ್ತು, ಹಗಲಿನ ಬಿಸಿ

ಕಲಬುರಗಿ, ರಾಯಚೂರು ಕಡೆಯ ಬೇಸಗೆಯನ್ನು ಅನುಭವಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಸೂರ್ಯ ಮುಳುಗಿ ಮೂರು ನಾಲ್ಕು ಗಂಟೆಗಳಾದರೂ ಮನೆಯ ಕಲ್ಲುಗೋಡೆಯ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಒಳಗೆ ಮಲಗಲಾರದೆ ಜನರು ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಾರೆ. ಹಗಲೆಲ್ಲ ಹೀರಿಕೊಂಡ ಉಷ್ಣವನ್ನು ಕಲ್ಲು ರಾತ್ರಿ ನಿಧಾನವಾಗಿ ಹೊರಗೆ ಬಿಡುತ್ತದೆ. ನಮಗೆ ಉಪದ್ರವವಾಗಿ ತೋರುವ ಈ ಗುಣವನ್ನೇ ಚಳಿದೇಶದವರು ತಮ್ಮ ಅನುಕೂಲಕ್ಕೆ ತಿರುಗಿಸಿಕೊಂಡಿದ್ದಾರೆ. ಬ್ರಿಟನ್ನಿನ ಲಕ್ಷಾಂತರ ಮನೆಗಳಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ಅದರ ತುಂಬ ಇಟ್ಟಿಗೆಗಳು. ರಾತ್ರಿ ಅಗ್ಗದ ವಿದ್ಯುತ್ತಿನಿಂದ ಈ ಇಟ್ಟಿಗೆಗಳನ್ನು ಕಾಯಿಸಿ, ಮರುದಿನವೆಲ್ಲ ಅವುಗಳ ಬಿಸಿಯಲ್ಲಿ ಮನೆಯನ್ನು ಬೆಚ್ಚಗಿಡುವುದು ಅಲ್ಲಿಯ ರೂಢಿ. ಇದಕ್ಕೆ ಅಲ್ಲಿ ಸ್ಟೋರೇಜ್ ಹೀಟರ್ ಎಂದು ಹೆಸರು. ನಾವು ಉಷ್ಣಸಂಗ್ರಾಹಕವೆಂದು ಕರೆಯಬಹುದು.

ಇದರ ವಿಷಯವಾಗಿ ಬರೆಯಲು ನಮ್ಮನ್ನು ಪ್ರೇರಿಸಿದುದು ಕಳೆದ ಚಳಿಗಾಲದಲ್ಲಿ ಗ್ಲಾಸ್ಗೋ ನಗರದಿಂದ ಬಂದ ಒಂದು ಪತ್ರ. ಬರೆದವರು ನಮ್ಮ ಕಾಲೇಜಿನಲ್ಲಿ ಓದಿ, ಈಗ ಅಲ್ಲಿ ಸಂಸಾರ ಹೂಡಿರುವ ಒಬ್ಬ ಹೆಣ್ಣುಮಗಳು. ಬಾಡಿಗೆಯ ಮನೆ, ಎರಡು ಕೋಣೆ, ಎರಡು ಪೆಟ್ಟಿಗೆ. ಮನೆಯಲ್ಲಿ ಮೂರು ತಿಂಗಳ ಕೂಸು; ಬಾಣಂತನಕ್ಕೆಂದು ಹಾಸನದಿಂದ ಹೋಗಿರುವ ತಾಯಿ. “ಸರ್, ಬೆಳಗಿನ ಜಾವ ಸೆಕೆ ತಡೆಯದೆ ಕಿಟಕಿ ತೆರೆಯುತ್ತೇವೆ, ಸಂಜೆ ಮಗುವಿಗೆ ನೀರು ಹಾಕುವ ಹೊತ್ತಿಗೆ ಪೆಟ್ಟಿಗೆ ತಣ್ಣಗೆ ಕೂತಿರುತ್ತದೆ. ಅಮ್ಮನಿಗಂತೂ ಕೈಕಾಲು ಮರಗಟ್ಟುತ್ತವೆ. ಅಂಗಡಿಯಿಂದ ಸಣ್ಣ ಹೀಟರು ತಂದೆವು. ಬಿಲ್ಲು ನೋಡಿ ಎದೆ ಧಸಕ್ಕೆಂದಿತು. ಹೊಸ ಪೆಟ್ಟಿಗೆ ಹಾಕಿಸಿದರೆ ಸರಿಹೋಗುವುದೆ?” ಎಂದು ಅವರು ಕೇಳಿದ್ದರು.

ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಪೆಟ್ಟಿಗೆಯೂ ವಿದ್ಯುತ್ತಿನ ದರಪದ್ಧತಿಯೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳು. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತರೆ ಬಂಡಿ ಹಳ್ಳಕ್ಕೆ ಬೀಳುತ್ತದೆ.

ಮೊದಲು ಪೆಟ್ಟಿಗೆಯ ಒಳಗನ್ನು ನೋಡೋಣ. ಉಷ್ಣವನ್ನು ಕೂಡಿಡಲು ನೀರನ್ನು ಬಿಟ್ಟು ಇಟ್ಟಿಗೆಯನ್ನು ಏಕೆ ಆರಿಸಿದರು? ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೂಲ್ ಬೇಕು. ಇಟ್ಟಿಗೆಗಾದರೆ ಸುಮಾರು 1 ಕಿಲೋಜೂಲ್ ಸಾಕು. ಮೇಲುನೋಟಕ್ಕೆ ನೀರೇ ಮೇಲು. ಆದರೆ ನೀರು ನೂರು ಡಿಗ್ರಿಗೆ ಕುದಿದುಹೋಗುತ್ತದೆ. ಇಟ್ಟಿಗೆಯನ್ನು 600-700 ಡಿಗ್ರಿಗೆ ಕಾಯಿಸಿದರೂ ಅದು ಜಗ್ಗುವುದಿಲ್ಲ. ಅಲ್ಲದೆ ಈ ಇಟ್ಟಿಗೆಗಳು ನಮ್ಮ ಗೂಡಿನ ಮಣ್ಣಿಟ್ಟಿಗೆಗಳಲ್ಲ. ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡಿನಿಂದ ಮಾಡಿದ, ನೀರಿನ ಸುಮಾರು ನಾಲ್ಕು ಪಾಲು ಸಾಂದ್ರತೆಯುಳ್ಳ, ಎತ್ತಿದರೆ ತೋಳು ಜಗ್ಗುವಂಥವು. ಒಂದು ಲೀಟರು ನೀರನ್ನು 60 ಡಿಗ್ರಿಯಷ್ಟು ಏರಿಸಿದರೆ ಸುಮಾರು 250 ಕಿಲೋಜೂಲ್ ಸಂಗ್ರಹವಾದರೆ, ಅಷ್ಟೇ ಜಾಗದ ಇಟ್ಟಿಗೆಯನ್ನು 600 ಡಿಗ್ರಿ ಏರಿಸಿದಾಗ 2300 ಕಿಲೋಜೂಲಿಗೂ ಮೀರುತ್ತದೆ. ನೂರು ಕಿಲೋಗ್ರಾಂ ಇಟ್ಟಿಗೆಯಲ್ಲಿ 60,000 ಕಿಲೋಜೂಲ್, ಅಂದರೆ ಹತ್ತಿರ ಹತ್ತಿರ 17 ಯೂನಿಟ್ ವಿದ್ಯುತ್ತಿಗೆ ಸಮನಾದ ಉಷ್ಣ ಅಡಗುತ್ತದೆ. 2.55 ಕಿಲೋವಾಟಿನ ಮಧ್ಯಮ ಗಾತ್ರದ ಪೆಟ್ಟಿಗೆಯೊಂದು ಏಳು ಗಂಟೆಗಳಲ್ಲಿ ಹೀರುವುದೂ ಸುಮಾರು 18 ಯೂನಿಟ್. ಲೆಕ್ಕ ಸರಿಹೊಂದುತ್ತದೆ.

ತುಂಬುವುದೇನೋ ಸುಲಭ, ಹಿಡಿದಿಡುವುದು ಕಷ್ಟ. ಬಿಸಿಯಾದ ವಸ್ತು ತನ್ನ ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿಯಾಗಿರುತ್ತದೆಯೋ ಅಷ್ಟು ವೇಗವಾಗಿ ತಣಿಯುತ್ತದೆ ಎಂಬುದು ನ್ಯೂಟನ್ನನು ಕಂಡ ನಿಯಮ. ಹಳೆಯ ಪೆಟ್ಟಿಗೆಯೊಂದು ಎಂಟೆಂಟು ಗಂಟೆಗಳಿಗೊಮ್ಮೆ ತನ್ನ ಉಷ್ಣದ ಅರ್ಧವನ್ನು ಕಳೆದುಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ಬೆಳಗ್ಗೆ ಏಳಕ್ಕೆ 18 ಯೂನಿಟ್ ಇದ್ದುದು ಮಧ್ಯಾಹ್ನ ಮೂರಕ್ಕೆ 9 ಆಗುತ್ತದೆ, ರಾತ್ರಿ ಹನ್ನೊಂದಕ್ಕೆ ನಾಲ್ಕೂವರೆ. ಬೆಳಗ್ಗೆ ಏಳರಿಂದ ಎಂಟರವರೆಗೆ ಅದು ಕೋಣೆಗೆ ಒಂದೂವರೆ ಯೂನಿಟ್ಟಿನ ಬಿಸಿ ಕೊಟ್ಟರೆ, ಸಂಜೆ ಏಳರಿಂದ ಎಂಟರವರೆಗೆ ಕೊಡುವುದು ಅರ್ಧ ಯೂನಿಟ್ ಮಾತ್ರ. ಗ್ಲಾಸ್ಗೋದ ಆ ಅಜ್ಜಿಗೆ ಸಂಜೆ ಏಕೆ ಚಳಿಯಾಗುತ್ತದೆಂಬುದು ಇದರಿಂದ ತಿಳಿಯುತ್ತದೆ. ಉಷ್ಣ ನಾಶವಾಗಿಲ್ಲ, ಬೇಡವಾದ ಹೊತ್ತಿನಲ್ಲಿ ಖರ್ಚಾಗಿದೆ. ಇಂಥ ಪೆಟ್ಟಿಗೆಯ ದಕ್ಷತೆ ನೂರಕ್ಕೆ ನೂರು ಎಂದು ಮಾರುವವರು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ತೆರೆದ ಕಿಟಕಿಯಿಂದ ಬೀದಿಯನ್ನು ಬೆಚ್ಚಗೆ ಮಾಡಿದ ಬಿಸಿಯೂ ಆ ನೂರರಲ್ಲಿ ಸೇರಿದೆ.

ಇಂಥ ಹಳೆಯ ಪೆಟ್ಟಿಗೆಗೆ ಎರಡು ತಿರುಗುಗುಂಡಿಗಳಿರುತ್ತವೆ. ಒಂದು ರಾತ್ರಿ ಎಷ್ಟು ತುಂಬಬೇಕೆಂಬುದನ್ನು ನಿರ್ಧರಿಸುತ್ತದೆ. ಇನ್ನೊಂದು ಒಳಗಿನ ಮುಚ್ಚಳವನ್ನು ತೆರೆದು ಬಿಸಿಗಾಳಿಯನ್ನು ಹೊರಗೆ ಬಿಡುತ್ತದೆ. ನಮ್ಮ ವಿದ್ಯಾರ್ಥಿನಿ ಚಳಿಗೆ ಹೆದರಿ ಎರಡನ್ನೂ ಕೊನೆಯ ಅಂಕಿಗೆ ತಿರುಗಿಸಿ ಮಲಗುತ್ತಿದ್ದರು. ಹೀಗೆ ಮಾಡಿದರೆ ಒಂದು ಕಡೆ ತುಂಬುತ್ತಿರುವಾಗಲೇ ಇನ್ನೊಂದು ಕಡೆ ಸೋರುತ್ತದೆ. ತೂತಿನ ಕೊಡವನ್ನು ಬಾವಿಗೆ ಇಳಿಬಿಟ್ಟಂತೆ. ಮಲಗುವ ಮುನ್ನ ಹೊರಬಿಡುವ ಗುಂಡಿಯನ್ನು ಪೂರ್ತಿ ಮುಚ್ಚಿ, ಮರುದಿನ ಮಧ್ಯಾಹ್ನ ಕಳೆದ ಮೇಲೆ ತೆರೆಯಬೇಕು. ಕಾಸಿನ ಖರ್ಚಿಲ್ಲದ ಈ ಉಪಾಯದಿಂದಲೇ ಸಂಜೆಗೆ ಒಂದಿಷ್ಟು ಬಿಸಿ ಉಳಿಯುತ್ತದೆ.

ಹೊಸ ಪೆಟ್ಟಿಗೆಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಅವುಗಳ ಉಷ್ಣನಿರೋಧಕ ಹೊದಿಕೆ ಹೆಚ್ಚು ಉತ್ತಮವಾದುದು. ಬಿಸಿಯನ್ನು ಬೇಕಾದಾಗ ಮಾತ್ರ ಹೊರಗೆ ತಳ್ಳಲು ಒಳಗೊಂದು ಸಣ್ಣ ಫ್ಯಾನು, ಗಡಿಯಾರ, ಕೋಣೆಯ ಉಷ್ಣತೆಯನ್ನು ಅಳೆಯುವ ಇಲೆಕ್ಟ್ರಾನಿಕ್ ಥರ್ಮೊಸ್ಟಾಟ್ ಇರುತ್ತವೆ. ಪ್ರಮಾಣಿತ ಪರೀಕ್ಷೆಯಲ್ಲಿ ಶೇಕಡ 45ಕ್ಕೆ ಕಡಿಮೆಯಿಲ್ಲದಷ್ಟು ಉಷ್ಣವನ್ನು ಉಳಿಸಿಕೊಳ್ಳುವ ಪೆಟ್ಟಿಗೆಗಳನ್ನು ಬ್ರಿಟನ್ನಿನಲ್ಲಿ ಅಧಿಕ ಧಾರಣೆಯ ಪೆಟ್ಟಿಗೆಗಳೆಂದು ಬೇರೆಯಾಗಿ ವಿಂಗಡಿಸುತ್ತಾರೆ. ಕೊಳ್ಳುವವರು ಕೇಳಬೇಕಾದುದು ಈ ಗುಣವನ್ನು, ಹೊರಗಿನ ಬಣ್ಣವನ್ನಲ್ಲ.

ಇನ್ನು ಎರಡನೆಯ ಎತ್ತಿನ ವಿಷಯ. ರಾತ್ರಿಯ ವಿದ್ಯುತ್ತು ಅಗ್ಗವಾದುದು ಯಾರ ಔದಾರ್ಯದಿಂದಲೂ ಅಲ್ಲ. ಕಲ್ಲಿದ್ದಲಿನ ಮತ್ತು ಪರಮಾಣುಶಕ್ತಿಯ ದೊಡ್ಡ ಕೇಂದ್ರಗಳನ್ನು ಸಂಜೆ ನಿಲ್ಲಿಸಿ ಬೆಳಗ್ಗೆ ಮತ್ತೆ ಹೊತ್ತಿಸುವುದು ಸುಲಭವಲ್ಲ. ಊರೆಲ್ಲ ಮಲಗಿದಾಗ ಅವುಗಳ ಉತ್ಪನ್ನಕ್ಕೆ ಗಿರಾಕಿಗಳಿಲ್ಲ. ಆದಕಾರಣ 1978ರಲ್ಲಿ ಬ್ರಿಟನ್ನಿನಲ್ಲಿ ‘ಎಕಾನಮಿ 7’ ಎಂಬ ದರಪದ್ಧತಿ ಬಂದಿತು: ರಾತ್ರಿಯ ಏಳು ಗಂಟೆಗಳ ಕಾಲ ಕಡಿಮೆ ದರ, ಉಳಿದ ಹದಿನೇಳು ಗಂಟೆ ಸಾಮಾನ್ಯಕ್ಕಿಂತ ಹೆಚ್ಚಿನ ದರ. ಈ ಎರಡನೆಯ ಷರತ್ತನ್ನು ಅನೇಕರು ಮರೆಯುತ್ತಾರೆ. ಈಗ ಕಾರಣವೂ ಬದಲಾಗಿದೆ. ಅಲ್ಲಿಯ ಕೊನೆಯ ಕಲ್ಲಿದ್ದಲ ವಿದ್ಯುತ್ ಕೇಂದ್ರವಾದ ರ‍್ಯಾಟ್‌ಕ್ಲಿಫ್ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಇಂದು ರಾತ್ರಿ ಮಿಕ್ಕುವುದು ಹೆಚ್ಚಾಗಿ ಗಾಳಿಯಂತ್ರಗಳ ವಿದ್ಯುತ್ತು. ಗಾಳಿಗೆ ಗಡಿಯಾರವಿಲ್ಲದ ಕಾರಣ, ಅರ್ಧ ಗಂಟೆಗೊಮ್ಮೆ ಬದಲಾಗುವ ದರಗಳೂ ಬಳಕೆಗೆ ಬಂದಿವೆ. ಕೈಯಿಂದ ಗುಂಡಿ ತಿರುಗಿಸುವ ಹಳೆಯ ಪೆಟ್ಟಿಗೆಯವರು ಅವುಗಳ ಗೊಡವೆಗೆ ಹೋಗದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ನಾವು ಹಿಡಿದುಕೊಂಡವು. ನಿಜವಾದ ದರಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತವೆ. ದಿನವಿಡೀ ಒಂದೇ ದರವಾದರೆ ಯೂನಿಟ್ಟಿಗೆ 25 ಪೆನ್ಸ್. ಇಬ್ಬಗೆಯ ದರವಾದರೆ ಹಗಲು 30, ರಾತ್ರಿ 15 ಪೆನ್ಸ್ ಎಂದಿರಲಿ. ಹಗಲು ಬಳಸಿದ ಪ್ರತಿ ಯೂನಿಟ್ಟಿಗೆ 5 ಪೆನ್ಸ್ ನಷ್ಟ, ರಾತ್ರಿಯ ಪ್ರತಿ ಯೂನಿಟ್ಟಿಗೆ 10 ಪೆನ್ಸ್ ಲಾಭ. ಆದ್ದರಿಂದ ಒಟ್ಟು ಬಳಕೆಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ರಾತ್ರಿ ನಡೆದರೆ ಮಾತ್ರ ಇಬ್ಬಗೆಯ ದರ ಲಾಭಕರ.

ನಮ್ಮ ವಿದ್ಯಾರ್ಥಿನಿಯ ಮನೆಯಂಥ ಮನೆಯಲ್ಲಿ ಚಳಿಗಾಲದ ಒಂದು ದಿನ ಎರಡು ಹಳೆಯ ಪೆಟ್ಟಿಗೆಗಳು ರಾತ್ರಿ 30 ಯೂನಿಟ್, ಅಡುಗೆ ದೀಪ ಮೊದಲಾದುವು ಹಗಲು 8 ಯೂನಿಟ್, ಅಂಗಡಿಯ ಹೀಟರು ಸಂಜೆ 8 ಯೂನಿಟ್ ಬಳಸುತ್ತವೆನ್ನೋಣ. ಇಬ್ಬಗೆಯ ದರದಲ್ಲಿ ಇದರ ಬೆಲೆ 930 ಪೆನ್ಸ್. ಈಗ ಹೊಸ ಪೆಟ್ಟಿಗೆಗಳನ್ನು ತಂದು ಅಂಗಡಿಯ ಹೀಟರನ್ನು ಮೂಲೆಗಿಟ್ಟರೆ, ರಾತ್ರಿ 32, ಹಗಲು 8 ಯೂನಿಟ್. ಬೆಲೆ 720ಕ್ಕೆ ಇಳಿಯುತ್ತದೆ. ಆದರೆ ಅವೇ ಹೊಸ ಪೆಟ್ಟಿಗೆಗಳು ಒಂದೇ ದರದ ಮೀಟರಿನ ಮೇಲೆ ನಡೆದರೆ 1000 ಪೆನ್ಸ್! ಸಾವಿರಾರು ಪೌಂಡು ಸುರಿದು ತಂದ ಹೊಸ ಪೆಟ್ಟಿಗೆ ತಪ್ಪು ದರದಲ್ಲಿ, ಸರಿಯಾದ ದರದ ಹಳೆಯ ಪೆಟ್ಟಿಗೆಗಿಂತ ದುಬಾರಿಯಾಯಿತು. ಹಳೆಯ ಪೆಟ್ಟಿಗೆಯೂ ತಪ್ಪು ದರವೂ ಕೂಡಿದರಂತೂ 1150. ಬೇಸಗೆಯಲ್ಲಿ ಪೆಟ್ಟಿಗೆಗಳು ಆರಿದ್ದಾಗ ಇಬ್ಬಗೆಯ ದರದಿಂದ ಅಲ್ಪಸ್ವಲ್ಪ ನಷ್ಟವಾಗುವುದುಂಟು. ಆದಕಾರಣ ಲೆಕ್ಕವನ್ನು ವರ್ಷಕ್ಕೆ ಹಾಕಬೇಕು, ತಿಂಗಳಿಗಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಉಷ್ಣಸಂಗ್ರಾಹಕ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಉಷ್ಣವನ್ನಷ್ಟೆ ಕೊಡಬಲ್ಲದು. ಹೊರಗಿನ ಗಾಳಿಯಿಂದ ಉಷ್ಣವನ್ನು ಎಳೆದು ತರುವ ಹೀಟ್ ಪಂಪು ಸುಮಾರು ಮೂರು ಯೂನಿಟ್ ಕೊಡುತ್ತದೆ. ರಾತ್ರಿಯ ದರ ಹಗಲಿನ ಅರ್ಧವಿದ್ದರೂ ಅದರ ಮುಂದೆ ಇಟ್ಟಿಗೆ ನಿಲ್ಲಲಾರದು. ಸ್ವಂತ ಮನೆಯುಳ್ಳವರು ಮೊದಲು ಅದನ್ನು ವಿಚಾರಿಸುವುದು ಒಳ್ಳೆಯದು. ಬಾಡಿಗೆಯ ಮನೆಯ ನಾಲ್ಕನೆಯ ಅಂತಸ್ತಿನಲ್ಲಿ, ಹೊರಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆಯಿಲ್ಲದವರಿಗೆ ಪೆಟ್ಟಿಗೆಯೇ ಗತಿ.

ಪೆಟ್ಟಿಗೆ ಬದಲಾಯಿಸುವಾಗ ಎಚ್ಚರಿಕೆಯೂ ಬೇಕು. ಹಳೆಯ ಪೆಟ್ಟಿಗೆಗಳಿಗೆ ಅನೇಕ ಕಡೆ ರಾತ್ರಿ ಮಾತ್ರ ವಿದ್ಯುತ್ತು ಹರಿಯುವ ಪ್ರತ್ಯೇಕ ತಂತಿ ಇರುತ್ತದೆ. ಹೊಸದರ ಫ್ಯಾನಿಗೂ ಗಡಿಯಾರಕ್ಕೂ ದಿನವಿಡೀ ವಿದ್ಯುತ್ತು ಬೇಕು. ಇದು ಬಲ್ಲ ಇಲೆಕ್ಟ್ರಿಷಿಯನ್ನನ ಕೆಲಸ. 1970ರ ದಶಕದ ಮಧ್ಯಕ್ಕಿಂತ ಹಿಂದಿನ ಕೆಲವು ಪೆಟ್ಟಿಗೆಗಳಲ್ಲಿ ಕಲ್ನಾರು ಇರುವುದರಿಂದ, ಅವನ್ನು ಮನೆಯವರು ತಾವಾಗಿ ಬಿಚ್ಚಲೇಬಾರದು.

ಮೀಟರಿನ ಕಥೆ ಇನ್ನೂ ಸ್ವಾರಸ್ಯವಾದುದು. ರಾತ್ರಿಯ ದರಕ್ಕೆ ಬದಲಾಗುವ ಹೊತ್ತನ್ನು ಅನೇಕ ಮೀಟರುಗಳಿಗೆ ತಿಳಿಸುತ್ತಿದ್ದುದು ಬಿಬಿಸಿಯ ದೀರ್ಘತರಂಗ ಪ್ರಸಾರ! 198 ಕಿಲೋಹರ್ಟ್ಸ್ ತರಂಗದ ಮೇಲೆ, ಕೇಳುಗರ ಕಿವಿಗೆ ತಿಳಿಯದಂತೆ, ಸಂಜ್ಞೆಗಳನ್ನು ಹೊರಿಸಿ ಕಳುಹಿಸುತ್ತಿದ್ದರು. ಈ ವ್ಯವಸ್ಥೆಯನ್ನು 2025ರ ಮಧ್ಯಭಾಗದಿಂದ ಹಂತಹಂತವಾಗಿ ನಿಲ್ಲಿಸುತ್ತ, ಸ್ಮಾರ್ಟ್ ಮೀಟರುಗಳನ್ನು ಹಾಕಲಾರಂಭಿಸಿದರು. ಮೀಟರು ಬದಲಾದಾಗ ದರವೂ ಗೊತ್ತಿಲ್ಲದೆ ಬದಲಾಗಿಬಿಡುವ ಸಂಭವವುಂಟು. ಎಲ್ಲೋ ಒಂದೆಡೆ ಹಗಲು ರಾತ್ರಿಗಳ ಅಂಕಿ ಅದಲುಬದಲಾಗುವುದೂ ಉಂಟು. ಪರೀಕ್ಷೆ ಸುಲಭ: ನಡು ಮಧ್ಯಾಹ್ನ ನೀರು ಕಾಯಿಸುವ ಕೆಟಲ್ ಹಾಕಿ ಮೀಟರಿನ ಯಾವ ಅಂಕಿ ಏರುತ್ತದೆಂದು ನೋಡಬೇಕು.

ಹೊತ್ತಿಗೆ ತಕ್ಕ ದರ ನಮಗೂ ತೀರ ದೂರದ ಮಾತಲ್ಲ. ವಿದ್ಯುತ್ ಬಳಕೆದಾರರ ಹಕ್ಕುಗಳ ನಿಯಮಗಳಿಗೆ ಭಾರತ ಸರ್ಕಾರ 2023ರಲ್ಲಿ ತಂದ ತಿದ್ದುಪಡಿ, ಸೌರವಿದ್ಯುತ್ತು ಹೇರಳವಾಗಿರುವ ಹಗಲಿನ ಗಂಟೆಗಳಲ್ಲಿ ದರ ಕಡಿಮೆಯೂ ಬೇಡಿಕೆ ಏರಿದ ಗಂಟೆಗಳಲ್ಲಿ ಹೆಚ್ಚೂ ಇರಬೇಕೆಂದು ವಿಧಿಸಿತು. ಬ್ರಿಟನ್ನಿನಲ್ಲಿ ರಾತ್ರಿ ಅಗ್ಗ. ನಮ್ಮಲ್ಲಿ ನಡುಹಗಲು ಅಗ್ಗವಾಗುವ ಸೂಚನೆ. ಬಚ್ಚಲಮನೆಯ ಗೀಸರೂ ಒಂದು ಉಷ್ಣಸಂಗ್ರಾಹಕವೇ ತಾನೆ? ಅದನ್ನು ಮಧ್ಯಾಹ್ನ ಕಾಯಿಸಿ ಮರುದಿನ ಬೆಳಗ್ಗೆ ಮೀಯುವಂತಾಗಬೇಕಾದರೆ, ಹೊದಿಕೆ ಎಷ್ಟು ಗಟ್ಟಿಯೆಂಬ ಪ್ರಶ್ನೆ ನಮ್ಮ ಮುಂದೆಯೂ ಬರುತ್ತದೆ.

ಗ್ಲಾಸ್ಗೋಗೆ ನಾವು ಇಷ್ಟನ್ನೂ ಬರೆದು ಕಳುಹಿಸಿದೆವು. ಪೆಟ್ಟಿಗೆ ಮನೆಯೊಡೆಯರದು, ಬಿಲ್ಲು ಮಾತ್ರ ಅವರ ಹೆಸರಿನಲ್ಲಿ ಬರುತ್ತದೆಯಾದುದರಿಂದ ದರವನ್ನು ಆರಿಸುವ ಅಧಿಕಾರ ಅವರದೇ. ಕೆಟಲ್ ಪರೀಕ್ಷೆ ಮಾಡಿದಾಗ ಮಧ್ಯಾಹ್ನ ಏರಿದ ಅಂಕಿಯೇ ನಡುರಾತ್ರಿಯಲ್ಲೂ ಏರಿತಂತೆ: ಹಿಂದಿನ ಬಾಡಿಗೆದಾರರ ಕಾಲದಿಂದಲೂ ಮೀಟರು ಒಂದೇ ದರದಲ್ಲಿತ್ತು. ಹದಿನೈದು ದಿನಗಳ ಪತ್ರವ್ಯವಹಾರದ ಬಳಿಕ ಇಬ್ಬಗೆಯ ದರ ದೊರೆಯಿತು. ಗುಂಡಿಗಳನ್ನು ತಿರುಗಿಸುವ ಕೆಲಸವನ್ನು ಈಗ ತಾಯಿಯೇ ವಹಿಸಿಕೊಂಡಿದ್ದಾರೆ. ಊರಿನಲ್ಲಿ ಹಂಡೆಯ ಒಲೆಗೆ ಕೆಂಡ ಮುಚ್ಚಿಡುತ್ತಿದ್ದವರಿಗೆ ಇದು ಒಂದೇ ದಿನದಲ್ಲಿ ಕರಗತವಾಯಿತೆಂದು ಮಗಳು ಬರೆದಿದ್ದಾರೆ. ಹೊಸ ಪೆಟ್ಟಿಗೆಯ ವಿಷಯದಲ್ಲಿ ಮನೆಯೊಡೆಯರ ಉತ್ತರ ಇನ್ನೂ ಬಂದಿಲ್ಲ.