ಬೆಳ್ಳಿ ಕರಗಿತು, ಮುದ್ರೆ ನಡೆಯಿತು

ಕ್ರಿ.ಶ. 215ರಲ್ಲಿ ರೋಮಿನ ಚಕ್ರವರ್ತಿ ಕ್ಯಾರಕಲ್ಲಾ ಹೊಸ ಬೆಳ್ಳಿ ನಾಣ್ಯವೊಂದನ್ನು ಟಂಕಿಸಿದ. ಎರಡು ಡಿನೇರಿಯಸ್ (ಅದುವರೆಗಿನ ರೋಮನ್ ಬೆಳ್ಳಿ ನಾಣ್ಯ) ಬೆಲೆಗೆ ಚಲಾವಣೆಯಾಯಿತೆಂದು ವಿದ್ವಾಂಸರು ಭಾವಿಸುವ ಆ ನಾಣ್ಯದಲ್ಲಿದ್ದದ್ದು ಸುಮಾರು ಒಂದೂವರೆ ಡಿನೇರಿಯಸ್‌ನಷ್ಟು ಬೆಳ್ಳಿ. ಸೈನಿಕರ ಸಂಬಳ ಏರಿಸಿದ್ದವನಿಗೆ ಇದ್ದ ಬೆಳ್ಳಿಯಲ್ಲೇ ಹೆಚ್ಚು ನಾಣ್ಯ ಬೇಕಿತ್ತು. ಮುಂದೆ ಸೇನಾಪತಿಗಳು ಸಿಂಹಾಸನಕ್ಕಾಗಿ ಬಡಿದಾಡಿದರು. 260ರಲ್ಲಿ ಚಕ್ರವರ್ತಿ ವಲೇರಿಯನ್ ಪರ್ಷಿಯಾದ ದೊರೆ ಶಾಪುರನ ಸೆರೆಯಾದ. ಅವನ ಮಗ ಗ್ಯಾಲಿಯೀನಸ್ 268ರಲ್ಲಿ ಸಾಯುವ ಹೊತ್ತಿಗೆ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ.

ಇದನ್ನು ಅರಸರ ದುರಾಸೆ ಎಂದಷ್ಟೇ ಹೇಳುವುದು ಅನ್ಯಾಯ. ಸಂಬಳಕ್ಕೆ ಕಾದಿದ್ದ ಸೈನ್ಯವೇ ಅರಸರನ್ನು ಕೊಲ್ಲುತ್ತಿದ್ದ ಕಾಲವದು. ಆದರೆ ಬೆಳ್ಳಿ ಇಳಿದಂತೆ ಬೆಲೆಗಳು ಏರಬೇಕಿತ್ತಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದೇ. ರೋಮಿನ ಆಳ್ವಿಕೆಯಲ್ಲಿದ್ದ ಈಜಿಪ್ಟಿನ ಸ್ಥಳೀಯ ನಾಣ್ಯವೂ ಕಲಬೆರಕೆಯಾಗಿತ್ತು. ಆದರೂ ಅಲ್ಲಿನ ಪಪೈರಸ್ ದಾಖಲೆಗಳಲ್ಲಿ ಬೆಲೆ ಭಾರಿಯಾಗಿ ಜಿಗಿಯುವುದು 274ರ ಸುಮಾರಿಗೆ, ಚಕ್ರವರ್ತಿ ಆರೀಲಿಯನ್ ನಾಣ್ಯ ಸುಧಾರಣೆಗೆ ಕೈಹಾಕಿದಾಗ. ಅಂದರೆ ಜನ ದಶಕಗಳ ಕಾಲ ನಂಬಿದ್ದು ಲೋಹಕ್ಕಿಂತ ಹೆಚ್ಚಾಗಿ ಅರಸನ ಮುದ್ರೆಯನ್ನು. ಅರಸನೇ ಅಸ್ಥಿರನಾದಾಗ ಆ ನಂಬಿಕೆಯೂ ಅಲುಗಾಡಿತು: 260ರಲ್ಲಿ ಮ್ಯಾಕ್ರಿಯಾನಸ್, ಕ್ವೈಟಸ್ ಎಂಬ ದಂಗೆಕೋರ ಸೋದರರು ಈಜಿಪ್ಟನ್ನು ಆಳುತ್ತಿದ್ದಾಗ, ಆಕ್ಸಿರಿಂಕಸ್ ಪಟ್ಟಣದ ಲೇವಾದೇವಿಗಾರರು ಅವರ ನಾಣ್ಯ ಒಲ್ಲೆವೆಂದು ಅಂಗಡಿ ಮುಚ್ಚಿದರು. ಅಂಗಡಿ ತೆರೆದು ನಾಣ್ಯ ಸ್ವೀಕರಿಸಬೇಕೆಂದು ಅಧಿಕಾರಿ ಶಿಕ್ಷೆಯ ಬೆದರಿಕೆಯೊಡನೆ ಆಜ್ಞೆ ಹೊರಡಿಸಬೇಕಾಯಿತು.