ಶಸ್ತ್ರವೈದ್ಯರ ಯೋಗ್ಯಾವಿಧಿ

ನಂಜನಗೂಡಿನ ಶ್ರೀಕಂಠೇಶ್ವರನು ಭಕ್ತರಿಗೆ ವೈದ್ಯನೆಂದೇ ಪ್ರಸಿದ್ಧನು. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ಈ ದೇವರ ಸೇವೆಯಿಂದ ವಾಸಿಯಾಗಲು, ಸುಲ್ತಾನನು ಇವನನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಐತಿಹ್ಯವುಂಟು. ಈ ಊರಿನಲ್ಲಿಯೇ 1913ರಲ್ಲಿ ಸದ್ವೈದ್ಯಶಾಲೆ ಸ್ಥಾಪಿತವಾಯಿತು. ಇಲ್ಲಿಂದ ಮುಂದೆ ಹರಿದ ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಗಂಗರ ರಾಜಧಾನಿಯಾದ ತಲಕಾಡು ಇದೆ. ಗಂಗ ದುರ್ವಿನೀತನಿಗೆ ಗುರುವಾಗಿದ್ದನೆಂದು ಪರಂಪರೆಯು ಹೇಳುವ ಪೂಜ್ಯಪಾದನ ಹೆಸರಿನ ವೈದ್ಯಗ್ರಂಥವನ್ನೇ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದನು. ಔಷಧದ ವಿದ್ಯೆಯು ಹೀಗೆ ಓಲೆಗರಿಯಲ್ಲಿ ಉಳಿದು ಬರಬಲ್ಲುದು. ಶಸ್ತ್ರದ ವಿದ್ಯೆಯಾದರೋ ಕೈಗೆ ಹತ್ತಬೇಕಾದುದು. ಅದನ್ನು ಹತ್ತಿಸುವ ಬಗೆಯೇ ಪ್ರಕೃತ ವಿಚಾರ.

ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯಕ್ಕೆ ‘ಯೋಗ್ಯಾಸೂತ್ರೀಯ’ವೆಂದು ಹೆಸರು. ಇಲ್ಲಿ ‘ಯೋಗ್ಯಾ’ ಎಂಬುದು ಅಭ್ಯಾಸ, ಕೈಪಳಗಿಸುವಿಕೆ ಎಂಬರ್ಥದ ಸ್ತ್ರೀಲಿಂಗ ಶಬ್ದ. ಶಾಸ್ತ್ರವನ್ನೆಷ್ಟು ಓದಿದ್ದರೂ ಯೋಗ್ಯಾ ಮಾಡದವನು ಕರ್ಮಕ್ಕೆ ಅಯೋಗ್ಯನೆಂಬುದು ಆ ಅಧ್ಯಾಯದ ನಿರ್ಣಯ. ಕನ್ನಡದಲ್ಲಿ ‘ಯೋಗ್ಯತೆ’ಯು ಅರ್ಹತೆಯೆಂಬ ಅರ್ಥದಲ್ಲಿ ಮಾತ್ರ ನೆಲೆನಿಂತಿದೆ, ಅಭ್ಯಾಸವೇ ಅರ್ಹತೆಯ ಮೂಲವೆಂಬ ಶ್ಲೇಷವು ಮೂಲವನ್ನು ನೋಡಿದವರಿಗಲ್ಲದೆ ತಿಳಿಯದು.

ಶಸ್ತ್ರಕರ್ಮಗಳು ಎಂಟು, ಒಂದೊಂದಕ್ಕೂ ತಕ್ಕ ಪ್ರತಿನಿಧಿದ್ರವ್ಯವನ್ನು ಸಂಹಿತೆಯು ವಿಧಿಸಿದೆ. ಕತ್ತರಿಸುವುದನ್ನು ಕುಂಬಳ, ಸೋರೆ, ಸೌತೆಗಳಲ್ಲಿಯೂ, ಸೀಳುವುದನ್ನು ನೀರು ಕೆಸರು ತುಂಬಿದ ತೊಗಲಚೀಲದಲ್ಲಿಯೂ, ಹೆರೆಯುವುದನ್ನು ರೋಮವಿರುವ ಹಾಸಿದ ಚರ್ಮದ ಮೇಲೂ, ಸಿರೆಯನ್ನು ಚುಚ್ಚುವುದನ್ನು ಸತ್ತ ಪಶುವಿನ ಸಿರೆಯಲ್ಲಿಯೂ ತಾವರೆಯ ದಂಟಿನಲ್ಲಿಯೂ ಕಲಿಯತಕ್ಕದ್ದು. ಹುಳು ಕೊರೆದ ಮರವು ವ್ರಣದ ಆಳವನ್ನರಸಲು. ಹಲಸು ಬಿಲ್ವಗಳ ತಿರುಳು ಶಲ್ಯವನ್ನು ಕೀಳಲು. ಮೇಣ ಮೆತ್ತಿದ ಬೂರುಗದ ಹಲಗೆಯು ಸ್ರಾವಮಾಡಿಸಲು. ತೆಳುವಾದ ಮತ್ತು ದಪ್ಪನೆಯ ಬಟ್ಟೆಗಳ ಅಂಚು ಹೊಲಿಯಲು. ಪಟ್ಟಿಕಟ್ಟುವುದಕ್ಕೆ ಮಾನವಾಕಾರದ ಬೊಂಬೆಯೇ ಉಂಟು. ಒಂದೊಂದು ದ್ರವ್ಯವೂ ದೇಹದ ಒಂದು ಗುಣವನ್ನು ಮಾತ್ರ ಅನುಕರಿಸುವುದೆಂಬುದು ಗಮನಾರ್ಹ.

ಇಂದಿನ ಅನುಕರಣಶಿಕ್ಷಣವೂ ಈ ತತ್ತ್ವದ ಮೇಲೆಯೇ ನಿಂತಿದೆ. ಸಣ್ಣ ರಂಧ್ರದೊಳಗಿಂದ ಉದರವನ್ನು ಚಿಕಿತ್ಸಿಸುವವನು ತನ್ನ ಕೈಯನ್ನು ನೋಡದೆ, ಪರದೆಯನ್ನು ನೋಡಿ ಕೆಲಸಮಾಡಬೇಕು. ಈ ಚಳಕವನ್ನು ಕ್ಯಾಮೆರಾ ಇಟ್ಟ ಪೆಟ್ಟಿಗೆಯಲ್ಲಿಯೂ ಗಣಕಯಂತ್ರದಲ್ಲಿಯೂ ಕಲಿಸುವರು. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಪ್ರಕಟವಾದ ಪರೀಕ್ಷೆಯೊಂದರಲ್ಲಿ 16 ಮಂದಿ ಶಿಷ್ಯವೈದ್ಯರಿದ್ದರು. ಗಣಕಯಂತ್ರದಲ್ಲಿ ಪಳಗಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇಕಡಾ 29ರಷ್ಟು ಬೇಗ ಮುಗಿಸಿದರು. ಪಿತ್ತಕೋಶಕ್ಕೆ ಗಾಯಮಾಡುವ ಅಥವಾ ಬೇರೆಡೆ ಸುಡುವ ಸಂಭವವು ಪಳಗದವರಲ್ಲಿ ಐದುಪಟ್ಟು ಕಂಡಿತು. ಭಾರತದಲ್ಲಿ 2020ರ ನಿಯಮಗಳಿಂದ ವೈದ್ಯಕೀಯ ಕಾಲೇಜುಗಳಿಗೆ ಕೌಶಲ ಪ್ರಯೋಗಶಾಲೆಯು ಕಡ್ಡಾಯವಾಯಿತು.

ಇಂತಹ ಶಿಕ್ಷಣಕ್ರಮವನ್ನು ರಚಿಸುವವರು ಮೊದಲು ಶಸ್ತ್ರಕ್ರಿಯೆಯನ್ನು ಬಿಡಿ ಕರ್ಮಗಳಾಗಿ ವಿಂಗಡಿಸಬೇಕು. ಬಳಿಕ ಒಂದೊಂದಕ್ಕೂ ತಕ್ಕ ದ್ರವ್ಯವನ್ನಾರಿಸಬೇಕು. ನುರಿತವರ ಕೈಯನ್ನಳೆದು ಕಾಲಕ್ಕೂ ತಪ್ಪಿಗೂ ಮಿತಿಯನ್ನು ಗೊತ್ತುಮಾಡಬೇಕು. ಶಿಷ್ಯನು ಇಷ್ಟು ದಿನ ಕಲಿತನೆಂಬುದು ಲೆಕ್ಕವಲ್ಲ. ಆ ಮಿತಿಯನ್ನು ಮುಟ್ಟಿದನೇ ಎಂಬುದೇ ಲೆಕ್ಕ. ಈ ಅಳತೆಯು ಸಂಹಿತೆಯ ಆ ಅಧ್ಯಾಯದಲ್ಲಿಲ್ಲ. ನವೀನರು ಕೂಡಿಸಿದ್ದು ಇದನ್ನೇ.

ಮೈಸೂರಿಗೆ 1930ರಲ್ಲಿ ಬಂದ ಸರ್ಕಾರಿ ವೈದ್ಯಕೀಯ ಕಾಲೇಜೂ, ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ವಿದ್ಯಾಪೀಠವು 1984ರಲ್ಲಿ ತೆರೆದ ಕಾಲೇಜೂ ಈ ಎರಡು ತಾಲ್ಲೂಕುಗಳಿಗೆ ಸಮೀಪದಲ್ಲಿವೆ. ದುಬಾರಿ ಯಂತ್ರಗಳು ಅಲ್ಲಿರತಕ್ಕವು. ಆದರೆ ಬಟ್ಟೆ, ತೊಗಲು, ಸೋರೆ, ಬಾಳೆಯ ಸಿಪ್ಪೆ ತಾಲ್ಲೂಕು ಆಸ್ಪತ್ರೆಗೂ ಎಟುಕದವಲ್ಲ. ಕುಂಬಳಕ್ಕೆ ರಕ್ತಸ್ರಾವವಿಲ್ಲ, ಪೆಟ್ಟಿಗೆಗೆ ನೋವಿಲ್ಲ. ಆದಕಾರಣ ಇವು ಗುರುವಿನ ಸನ್ನಿಧಿಗೆ ಬದಲಾಗಲಾರವು. ಆದರೂ ಮೊದಲ ತಪ್ಪು ಆಗಲೇಬೇಕಾದುದಾದರೆ, ಸಂಗಮದ ಸೀಮೆಯಿಂದ ನಂಬಿ ಬಂದ ರೋಗಿಯ ಮೈಮೇಲಾಗದೆ ಕುಂಬಳದ ಮೇಲಾಗುವುದು ಯುಕ್ತ.