ವಿಶ್ವವಿಜೇತನ ದೃಷ್ಟಿ ತಪ್ಪಿಸಿದ ಒಂದು ನಡೆ

2006ರ ನವೆಂಬರ್ 27ರಂದು ಜರ್ಮನಿಯ ಬಾನ್ ನಗರದಲ್ಲಿ, ಅಂದಿನ ವಿಶ್ವವಿಜೇತರಾದ ರಷ್ಯದ ವ್ಲಾಡಿಮಿರ್ ಕ್ರಾಮ್ನಿಕರಿಗೂ ಡೀಪ್ ಫ್ರಿಟ್ಸ್ ಎಂಬ ಗಣಕಕ್ಕೂ ನಡೆದ ಆರು ಆಟಗಳ ಸ್ಪರ್ಧೆಯ ಎರಡನೆಯ ಆಟವು ಚದುರಂಗಪ್ರಿಯರನ್ನು ದಿಗ್ಭ್ರಾಂತರನ್ನಾಗಿಸಿತು.

ಬಿಳಿಯ ಕುದುರೆಯು 34ನೆಯ ನಡೆಯಲ್ಲಿ ಎಫ್8 ಮನೆಯ ಆನೆಯನ್ನು ಹೊಡೆದು ಅಲ್ಲಿಯೇ ನೆಲೆನಿಂತಾಗ, ಕರಿಯ ಕಾಯಿಗಳನ್ನು ನಡೆಸುತ್ತಿದ್ದ ಕ್ರಾಮ್ನಿಕರು ರಾಣಿಯರ ವಿನಿಮಯವನ್ನು ಬಯಸಿ, ತಮ್ಮ ರಾಣಿಯನ್ನು ನಿಶ್ಚಿಂತೆಯಿಂದ ಇ3 ಮನೆಗೆ ತಂದರು. ಮರುನಡೆಯಲ್ಲಿಯೇ ಬಿಳಿಯ ರಾಣಿಯು, ಆ ಕುದುರೆಯ ರಕ್ಷಣೆಯನ್ನು ಪಡೆದು, ಎಚ್7 ಮನೆಗೆ ಬಂದು ಕರಿಯ ರಾಜನನ್ನು ಶಹಮಾತ್ ಮಾಡಿತು. ಇದು ಒಂದೇ ನಡೆಯ ಮಾತ್; ಹೊಸದಾಗಿ ಆಟ ಕಲಿತ ಬಾಲಕನೂ ಗುರುತಿಸಬಲ್ಲುದು!

ಇಂದು ಸ್ಟಾಕ್‌ಫಿಶ್‌ನಂತಹ ಗಣಕತಂತ್ರಕ್ಕೆ ಈ ಸ್ಥಿತಿಯನ್ನು ಒಪ್ಪಿಸಿದರೆ, ರಾಜನನ್ನು ಜಿ8 ಮನೆಗೆ ಸರಿಸಿದ್ದಲ್ಲಿ, ಬಿಳಿಯ ಕುದುರೆ ಮತ್ತು ರಾಣಿಗಳು ಸತತವಾಗಿ ಶಹ ಕೊಡುವುದರ ಹೊರತು ಬೇರೇನನ್ನೂ ಸಾಧಿಸಲಾರದೆ, ಆಟವು ಸಮವಾಗಿ ಮುಗಿಯುತ್ತಿತ್ತೆಂದು ಕ್ಷಣಾರ್ಧದಲ್ಲಿ ತಿಳಿಯುತ್ತದೆ.

ಹಾಗಾದರೆ ಈ ಪ್ರಮಾದಕ್ಕೆ ಕಾರಣವೇನು? ರಾಣಿಗೆ ಎಚ್7ರಲ್ಲಿ ಬೆಂಬಲವೀಯುವ ಕುದುರೆಯು ಸಾಮಾನ್ಯವಾಗಿ ಜಿ5ರಲ್ಲಿಯೋ ಎಫ್6ರಲ್ಲಿಯೋ ಇರುವುದು ವಾಡಿಕೆ. ಎಫ್8ರಿಂದ, ಎಂದರೆ ಶತ್ರುವಿನ ಹಿಂಬದಿಯಿಂದ, ಬರುವ ಬೆಂಬಲವು ಬಲು ವಿರಳ. ಅಭ್ಯಾಸಬಲದಿಂದಲೇ ಅಪಾಯವನ್ನು ಗುರುತಿಸುವ ನುರಿತ ಮನಸ್ಸಿಗೆ ಅಪರಿಚಿತವಾದ ರೂಪವು ಅಗೋಚರವಾಗಬಹುದು. ಆದರೆ ಸಂಭವನೀಯ ನಡೆಗಳನ್ನೆಲ್ಲ ಎಣಿಸುವ ಯಂತ್ರಕ್ಕೆ ಪರಿಚಿತ, ಅಪರಿಚಿತವೆಂಬ ಭೇದವಿಲ್ಲ. ಸ್ಪರ್ಧೆಯನ್ನು 4–2 ಅಂಕಗಳಿಂದ ಗೆದ್ದುದೂ ಯಂತ್ರವೇ.